ಹರಿದ ಪುಸ್ತಕಕ್ಕೆ ಖಣದ ಬೆನ್ನು

ನಮ್ಮ ಶಾಲೆಯ ಗ್ರಂಥಾಲಯ ಅಂದರೆ ಎರಡು ಕಬ್ಬಿಣದ ಕಪಾಟು. ಆಫೀಸ್ ಕೋಣೆಯಲ್ಲಿ ಗೋಡೆಗೆ ಒತ್ತಿ ನಿಂತಿವೆ. ಎರಡಕ್ಕೂ ಬೀಗ. ನಾನು ನೇಕಾರರ ಊರಾದ ಗುಳೇದಗುಡ್ಡದ ಈ ಶಾಲೆಗೆ ಬಂದು ಆರು ವರ್ಷವಾಯಿತು. ಅಷ್ಟು ದಿನದಲ್ಲಿ ಆ ಬೀಗ ಎಷ್ಟು ಸಲ ತೆಗೆದರು ಅನ್ನುವುದನ್ನು ಬೆರಳಲ್ಲಿ ಎಣಿಸಬಹುದು. ಕಾರಣ ಎಲ್ಲ ಮಾಸ್ತರಿಗೂ ಗೊತ್ತಿರುವುದೇ. ಪುಸ್ತಕ ಹರಿದರೆ, ಕಳೆದರೆ ಚಾರ್ಜ್ ಇದ್ದವರ ತಲೆಗೆ ಬರುತ್ತದೆ. ವರ್ಗಾವಣೆ ಆದಾಗ ಲೆಕ್ಕ ಒಪ್ಪಿಸಬೇಕು. ಹಾಗಾಗಿ ಮಕ್ಕಳ ಕೈಗೆ ಕೊಡದೇ ಇರುವುದೇ ಕ್ಷೇಮ ಅಂತ ಆಗಿಬಿಟ್ಟಿತ್ತು.

ನವೆಂಬರ್ ಮೊದಲ ವಾರ ಚಾರ್ಜ್ ನನ್ನ ಕೈಗೆ ಬಂತು. ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆರು, ಏಳು, ಎಂಟನೇ ತರಗತಿಯ ಹದಿನಾಲ್ಕು ಮಕ್ಕಳನ್ನು ಕರೆದುಕೊಂಡು ಬೀಗ ತೆಗೆದೆ. ಪುಸ್ತಕವನ್ನೆಲ್ಲ ವರಾಂಡಕ್ಕೆ ತಂದು ಹರವಿದೆವು. ಒಟ್ಟು 412. ಅದರಲ್ಲಿ ಮುಟ್ಟಿದರೆ ಬಿಚ್ಚಿಕೊಳ್ಳುವಂಥವು 163. ಇವು ಓದಿ ಓದಿ ಹರಿದವಲ್ಲ. ಬೀಗ ಹಾಕಿದ ಕಪಾಟಿನೊಳಗೇ ಹಾಳಾದವು. ಮಳೆಗಾಲದಲ್ಲಿ ಗೋಡೆಯ ತೇವ ಕುಡಿದು ಪಿನ್ನು ತುಕ್ಕು ಹಿಡಿದಿವೆ. ತುಕ್ಕು ಕಾಗದವನ್ನು ತಿಂದಿದೆ. ಬೆನ್ನಿನ ಗೋಂದು ಒಣಗಿ ಪುಡಿಯಾಗಿದೆ. ಕಾಪಾಡಲಿಕ್ಕೆ ಅಂತ ಹಾಕಿದ ಬೀಗ ಯಾವುದನ್ನೂ ಕಾಪಾಡಿರಲಿಲ್ಲ. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸಲಿಕ್ಕೆ ಅಂತ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಕಟ್ಟಿಡುತ್ತಿದ್ದರು. ಸರಪಳಿ ಬೇರೆ, ಬೀಗ ಬೇರೆ ಅಂತ ನನಗೇನೂ ಅನ್ನಿಸುವುದಿಲ್ಲ. ಹರಿಯುತ್ತದೆ ಅನ್ನುವ ಭಯ ಹೋದರೆ ಬೀಗವೂ ಹೋಗುತ್ತದೆ. ಆ ಭಯ ಹೋಗಬೇಕಾದರೆ ಹರಿದದ್ದನ್ನು ಜೋಡಿಸಲಿಕ್ಕೆ ಬರಬೇಕು. ನನಗೊಬ್ಬನಿಗೆ ಬಂದರೆ ಸಾಲದು, ಮಕ್ಕಳಿಗೂ ಬರಬೇಕು. ಹೀಗೆ ಶುರುವಾಯಿತು ಇದು.

ಮೊದಲ ದಿನ ಬರೀ ವಿಂಗಡಣೆ. ನಡುವೆ ಪಿನ್ನು ಹೊಡೆದ ತೆಳು ಪುಸ್ತಕಗಳು 71. ಹಾಳೆ ಹರಿದವು, ಕಿತ್ತು ಬಂದವು 48. ಬೆನ್ನು ಹೋದ ದಪ್ಪ ಪುಸ್ತಕಗಳು 35. ಹುಳ ತಿಂದವು 9. ಈ ಒಂಬತ್ತನ್ನು ಬೇರೆ ಪುಸ್ತಕಗಳಿಂದ ಆವತ್ತೇ ದೂರ ಮಾಡಿದೆವು. ಹಾಳೆ ಹಾಳೆ ಬಿಡಿಸಿ, ಒಣ ಬ್ರಷ್ಷಿನಿಂದ ಧೂಳು ಜಾಡಿಸಿ, ನೆರಳಲ್ಲಿ ಗಾಳಿಗೆ ಇಟ್ಟೆವು. ಬಿಸಿಲಿಗೆ ಇಡಬಾರದು, ಕಾಗದ ಹಳದಿಯಾಗಿ ಗರಿಗರಿಯಾಗುತ್ತದೆ. ಕಪಾಟಿನ ಮೂಲೆಯಲ್ಲಿ ಯಾವುದೋ ಕಾಲದ ನುಸಿಗುಳಿಗೆ ಇದ್ದವು, ತೆಗೆದು ಎಸೆದೆ. ಮಕ್ಕಳು ಕೂತು ಓದುವ ಜಾಗದಲ್ಲಿ ಅದರ ಗಾಳಿ ಒಳ್ಳೆಯದಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಕಾಲಡಿ ಇಟ್ಟಿಗೆ ಇಟ್ಟೆವು. ಹುಳಕ್ಕೆ ಬೇಕಾದದ್ದು ತೇವ ಮತ್ತು ಕತ್ತಲೆ. ಎರಡೂ ಇಲ್ಲದಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಪುಸ್ತಕದಲ್ಲಿ ಹುಳ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೆಟ್ಟಗೆ ಒಂದೇ ತೂತು ಕೊರೆದಿತ್ತು. ಹುಡುಗರು ಅದರೊಳಗಿಂದ ಬೆಳಕು ನೋಡುತ್ತಿದ್ದರು. ಆವಾಗ ಫ. ಗು. ಹಳಕಟ್ಟಿಯವರ ಬಗ್ಗೆ ಹೇಳಿದೆ. ವಿಜಯಪುರದಲ್ಲಿ ವಕೀಲರಾಗಿದ್ದವರು. ವಚನದ ತಾಡೋಲೆಗಳನ್ನು ಮನೆಮನೆಗಳಿಂದ ಹುಡುಕಿ ತಂದು, ಅಚ್ಚು ಹಾಕಿಸಿ ನಮ್ಮ ಕೈಗೆ ಕೊಟ್ಟರು. ಎಷ್ಟೋ ಕಡೆ ಓಲೆಗರಿಯ ಕಟ್ಟು ಜಗುಲಿಯ ಮೇಲೆ ದೇವರ ಪಕ್ಕದಲ್ಲಿರುತ್ತಿತ್ತು. ಪೂಜೆ ನಡೆಯುತ್ತಿತ್ತು, ಬಿಚ್ಚಿ ಓದುವವರು ಇರುತ್ತಿರಲಿಲ್ಲ. ಒಳಗೊಳಗೇ ಹುಳ ತಿನ್ನುತ್ತಿತ್ತು. ಒಬ್ಬ ಹುಡುಗಿ ಕೇಳಿದಳು, "ಹಂಗಾರ ದಿನಾ ಬಿಚ್ಚಿ ಓದಿದ್ರ ಹುಳಾ ಬರೂದಿಲ್ಲೇನ್ರಿ ಸರ?" ಹೌದು, ದಿನಾ ಗಾಳಿ ಬೆಳಕು ಕಾಣುವ ಪುಸ್ತಕಕ್ಕೆ ಹುಳ ಹತ್ತುವುದು ಬಹಳ ಕಡಿಮೆ ಅಂದೆ.

ಎರಡನೇ ಶನಿವಾರ ಪಿನ್ನಿನ ಕೆಲಸ. ಮಕ್ಕಳಿಗೆ ಇದರಷ್ಟು ಸುಲಭವಾದ ರಿಪೇರಿ ಇನ್ನೊಂದಿಲ್ಲ, ಶುರು ಮಾಡುವವರು ಇಲ್ಲಿಂದಲೇ ಮಾಡಿ. ಪುಸ್ತಕದ ನಡುವಿನ ಪುಟ ತೆಗೆಯಬೇಕು. ಮೊಂಡು ಚಾಕುವಿನ ತುದಿಯಿಂದ ಪಿನ್ನಿನ ಎರಡು ಕಾಲು ಎತ್ತಿ ನೆಟ್ಟಗೆ ಮಾಡಬೇಕು. ಆಮೇಲೆ ಹೊರಗಿನಿಂದ ಎಳೆಯಬೇಕು. ಉಗುರಿನಿಂದ ಎಳೆಯಲು ಯಾರನ್ನೂ ಬಿಡಲಿಲ್ಲ, ತುಕ್ಕು ಪಿನ್ನು ಚುಚ್ಚಿದರೆ ಇಂಜೆಕ್ಷನ್ನಿಗೆ ಓಡಬೇಕಾಗುತ್ತದೆ. ತೆಗೆದ ಪಿನ್ನನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿದೆ.

ಪಿನ್ನಿನ ಜಾಗಕ್ಕೆ ದಾರ. ತೂತಿನ ಅಳತೆಗೆ ಸ್ಕೇಲು ಬೇಕಾಗಿಲ್ಲ. ಪುಸ್ತಕದಷ್ಟೇ ಉದ್ದದ ಕಾಗದದ ಪಟ್ಟಿ ಕತ್ತರಿಸಿ, ಅದನ್ನು ನಡುವೆ ಮಡಚಿದರೆ ಮಧ್ಯದ ತೂತು ಎಲ್ಲಿ ಅಂತ ಸಿಗುತ್ತದೆ. ಉಳಿದ ಎರಡು, ಮೇಲಿನಿಂದ ಮತ್ತು ಕೆಳಗಿನಿಂದ ಎರಡೆರಡು ಬೆರಳು ಬಿಟ್ಟು. ದಪ್ಪ ಹಳೇ ಪುಸ್ತಕವೊಂದನ್ನು ತೆರೆದಿಟ್ಟು, ಅದರ ಕಣಿವೆಯಲ್ಲಿ ಈ ಪುಸ್ತಕ ಕೂರಿಸಿ, ಒಳಗಿನಿಂದ ಹೊರಕ್ಕೆ ದಬ್ಬಳದಿಂದ ಚುಚ್ಚಬೇಕು. ಆಮೇಲೆ ಹೊಲಿಗೆ. ಸೂಜಿ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಬರಲಿ. ಹೊರಗಿನಿಂದ ಮೇಲಿನ ತೂತಿನಲ್ಲಿ ಒಳಗೆ ಹೋಗಲಿ. ಒಳಗೆ ನಡುವಿನ ತೂತು ದಾಟಿ ಉದ್ದಕ್ಕೆ ಕೆಳಗಿನ ತೂತಿಗೆ ಬಂದು ಹೊರಗೆ ಹೋಗಲಿ. ಕೊನೆಗೆ ಮತ್ತೆ ನಡುವಿನ ತೂತಿನಲ್ಲಿ ಒಳಗೆ. ಈಗ ದಾರದ ಎರಡು ತುದಿ ಒಂದೇ ಕಡೆ ಸಿಗುತ್ತವೆ. ಉದ್ದನೆಯ ಹೊಲಿಗೆಯ ಆಚೆಗೊಂದು ಈಚೆಗೊಂದು ತುದಿ ಬರುವಂತೆ ಹಿಡಿದು ಗಂಟು.

ದಾರದ ವಿಷಯದಲ್ಲಿ ನಾನು ಮಕ್ಕಳಿಂದ ಕಲಿತೆ. ನಾನು ಅಂಗಡಿಯಿಂದ ಟೇಲರ್ ದಾರ ತಂದಿದ್ದೆ. ಅದು ಬಹಳ ತೆಳು, ಎಳೆದರೆ ಕಾಗದವನ್ನೇ ಸೀಳುತ್ತದೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ನೇಕಾರರ ಮನೆಯವರು. ಶಾಲೆಯಿಂದ ಹೋಗಿ ಕಂಡಿಕಿ, ಅಂದರೆ ಮಗ್ಗದ ನೂಲಿನ ಸಣ್ಣ ಉರುಳೆ, ಸುತ್ತುವ ಕೈಗಳು. ಎಂಟನೇ ತರಗತಿಯ ಹುಡುಗ ಮರುದಿನ ಮನೆಯಿಂದ ಹತ್ತಿ ನೂಲು ತಂದ. ನಾಲ್ಕು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದು, ಮೇಣದಬತ್ತಿಯ ಮೇಲೆ ಮೂರು ಸಲ ಎಳೆದ. ದಾರ ನುಣುಪಾಯಿತು, ಸಿಕ್ಕು ಬೀಳಲಿಲ್ಲ, ಗಂಟು ಜಾರಲಿಲ್ಲ. ಮಗ್ಗದಲ್ಲಿ ಎಳೆ ಹರಿದಾಗ ಹಾಕುವ ಗಂಟನ್ನೇ ಅವರು ಪುಸ್ತಕಕ್ಕೂ ಹಾಕಿದರು. ಪುಟ್ಟ ಗಂಟು, ಕೈಯಾಡಿಸಿದರೂ ತಿಳಿಯುವುದಿಲ್ಲ. ಮೂರು ಶನಿವಾರದಲ್ಲಿ 71 ಪುಸ್ತಕವೂ ಮುಗಿದವು. ಕಡೆಯ ವಾರ ನನ್ನ ಸಹಾಯ ಬೇಕಾಗಲಿಲ್ಲ.

ಹರಿದ ಹಾಳೆಗೆ ಸೆಲೋಟೇಪ್ ಹಚ್ಚಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಾಲ್ಕು ವರ್ಷದ ಹಿಂದೆ ನಾನೇ ಟೇಪ್ ಹಚ್ಚಿದ್ದ ಒಂದು ಪುಸ್ತಕ ಸಿಕ್ಕಿತು. ಮೇಲಿನ ಪ್ಲಾಸ್ಟಿಕ್ ಉದುರಿ ಹೋಗಿದೆ. ಅಂಟು ಕಾಗದದೊಳಗೆ ಇಳಿದು ಕಂದು ಪಟ್ಟಿಯಾಗಿ ಉಳಿದಿದೆ. ಅಕ್ಷರದ ಮೇಲೆ ಬಿದ್ದ ಆ ಕಲೆ ಇನ್ನು ಹೋಗುವುದಿಲ್ಲ.

ಅದರ ಬದಲು ಮೈದಾ ಅಂಟು ಮತ್ತು ತೆಳು ಕಾಗದ. ಸೀರೆ ಅಂಗಡಿಯಲ್ಲಿ ಸೀರೆಯ ಮಡಿಕೆಯೊಳಗೆ ಇಡುವ ಬಿಳೀ ತೆಳು ಹಾಳೆ ಇರುತ್ತದಲ್ವಾ, ಅದೇ ಸಾಕು. ಕೇಳಿದರೆ ಸುಮ್ನೆ ಕೊಡುತ್ತಾರೆ. ಅಂಟನ್ನು ಬಿಸಿಯೂಟದ ಅಡುಗೆಮನೆಯಲ್ಲಿ ಮಾಡಿದೆವು. ಒಂದು ಲೋಟ ಮೈದಾಕ್ಕೆ ಐದು ಲೋಟ ನೀರು. ಮೊದಲು ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಿಕೊಳ್ಳಬೇಕು. ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ, ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಬೇಕು. ಆರಿದ ಮೇಲೆ ತೆಳು ಅರಿವೆಯಲ್ಲಿ ಸೋಸಿದರೆ ಬೆಣ್ಣೆಯಂತೆ ಆಗುತ್ತದೆ. ಅಡುಗೆ ಮಾಡುವ ಅಕ್ಕ ನಮ್ಮ ಮೊದಲ ಅಂಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇನ್ನೂ ಹಸಿ ಐತ್ರಿ ಸರ, ಮೈದಾ ವಾಸನಿ ಹೋಗಿಲ್ಲ" ಅಂದರು. ಅವರು ಹೇಳಿದ್ದೇ ಸರಿ. ಹಸಿ ಅಂಟು ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಇನ್ನೂ ಐದು ನಿಮಿಷ ಬೇಯಿಸಿದೆವು.

ಬೈಂಡಿಂಗ್ ಮಾಡುವವರು ಅಂಟು ಕೆಡದಿರಲಿ, ಹುಳ ಬಾರದಿರಲಿ ಅಂತ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಹಾಕುತ್ತಾರೆ. ನಾವು ಹಾಕಲಿಲ್ಲ. ದ್ರಾಕ್ಷಿ, ದಾಳಿಂಬೆ ತೋಟಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಅದೇ ಮೈಲುತುತ್ತ. ಮಕ್ಕಳು ಅದೇ ಕೈಯಲ್ಲಿ ಊಟ ಮಾಡುವವರು. ಪ್ರತಿ ಶನಿವಾರ ಬೇಕಾದಷ್ಟೇ ಅಂಟು ಮಾಡಿ, ಉಳಿದದ್ದನ್ನು ಚೆಲ್ಲಿದೆವು. ತೆಳುವಾಗಿ ಹಚ್ಚಿ ಪೂರ್ತಿ ಒಣಗಿಸಿದರೆ ಹುಳದ ಕಾಟ ಅಷ್ಟಾಗಿ ಇರುವುದಿಲ್ಲ.

ತೆಳು ಹಾಳೆಯನ್ನು ಕತ್ತರಿಯಿಂದ ಕತ್ತರಿಸಬಾರದು, ಕೈಯಿಂದ ಹರಿಯಬೇಕು. ಹರಿದ ಅಂಚಿನಲ್ಲಿ ನಾರು ಚಾಚಿಕೊಂಡಿರುತ್ತವೆ, ಅವೇ ಹಿಡಿಯುವುದು. ಕಿರುಬೆರಳ ಉಗುರಿನಷ್ಟು ಅಗಲದ ಪಟ್ಟಿ ಸಾಕು. ಅಂಟು ಹಚ್ಚಿ, ಹರಿದ ಗೆರೆಯ ಮೇಲೆ ಕೂರಿಸಿ, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ ಇಟ್ಟು ಭಾರ ಹೇರಬೇಕು. ಪ್ಲಾಸ್ಟಿಕ್‌ಗೆ ನಂದಿನಿ ಹಾಲಿನ ಪ್ಯಾಕೆಟ್ ತೊಳೆದು ಬಿಡಿಸಿ ಇಟ್ಟುಕೊಂಡೆವು. ಭಾರಕ್ಕೆ ಇಳಕಲ್ ಕಲ್ಲಿನ ತುಂಡು. ಕೆಂಪು ಗ್ರಾನೈಟ್, ಒಂದು ಕಡೆ ಪಾಲಿಶ್ ಆದದ್ದು. ಮನೆ ಕಟ್ಟುವ ಕಡೆ ಉಳಿದವನ್ನು ಹುಡುಗರು ಕೇಳಿ ಹೊತ್ತು ತಂದರು. ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಒತ್ತುಗಲ್ಲು ದುಡ್ಡು ಕೊಟ್ಟರೂ ಸಿಗಲಿಕ್ಕಿಲ್ಲ.

ಡಿಸೆಂಬರಿನಲ್ಲಿ ದಪ್ಪ ಪುಸ್ತಕಕ್ಕೆ ಕೈ ಹಾಕಿದೆವು. ಇಲ್ಲಿ ಎಡವಿದೆವು. ನೋಟ್‌ಬುಕ್ ಬಂದ ಡಬ್ಬಿಯ ರಟ್ಟು ಕತ್ತರಿಸಿ, ಮೇಲೆ ಬಣ್ಣದ ಕಾಗದ ಅಂಟಿಸಿ, ಆರು ಪುಸ್ತಕಕ್ಕೆ ಹೊಸ ಹೊದಿಕೆ ಮಾಡಿದೆವು. ಚೆಂದ ಕಂಡವು. ಸೋಮವಾರ ಬಂದು ನೋಡಿದರೆ ಆರೂ ಹಪ್ಪಳದಂತೆ ಸೊಟ್ಟಗಾಗಿದ್ದವು. ಒಂದಂತೂ ನಾಲ್ಕೂ ಮೂಲೆ ಎತ್ತಿಕೊಂಡು ತಟ್ಟೆಯ ಹಾಗೆ ಕೂತಿತ್ತು. ಮಕ್ಕಳ ಮುಖ ಸಪ್ಪಗಾಯಿತು. ನನಗೂ ಕಾರಣ ತಕ್ಷಣ ಹೊಳೆಯಲಿಲ್ಲ.

ಕಾರಣ ಹುಡುಕಲಿಕ್ಕೆ ಒಂದು ಇಡೀ ಶನಿವಾರ ಕೊಟ್ಟೆವು. ಹಳೇ ದಿನಪತ್ರಿಕೆ ತಂದು ಮೇಲಿನಿಂದ ಕೆಳಕ್ಕೆ ಹರಿಯಲು ಹೇಳಿದೆ. ನೆಟ್ಟಗೆ ಹರಿಯಿತು. ಅಡ್ಡಕ್ಕೆ ಹರಿಯಲು ಹೇಳಿದೆ. ವಕ್ರವಾಗಿ, ಹಲ್ಲುಹಲ್ಲಾಗಿ ಹರಿಯಿತು. ಎಲ್ಲರೂ ಮತ್ತೆ ಮತ್ತೆ ಹರಿದು ನೋಡಿದರು. ಆರನೇ ತರಗತಿಯ ಹುಡುಗಿ ಕೈಯಲ್ಲಿ ತುಂಡು ಹಿಡಿದುಕೊಂಡು ಕೇಳಿದಳು, "ಸರ, ಹಾಳಿಗೂ ಹಾಸು ಹೊಕ್ಕು ಐತೇನ್ರಿ?"

ಆ ಪ್ರಶ್ನೆಯನ್ನು ನಾನು ಮರೆಯುವುದಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಇರುವ ಎಳೆ ಹಾಸು, ಅಡ್ಡಕ್ಕೆ ಹೋಗುವ ಎಳೆ ಹೊಕ್ಕು. ಕಾಗದದಲ್ಲಿ ನೇಯ್ಗೆ ಇಲ್ಲ. ಆದರೆ ಕಾರ್ಖಾನೆಯಲ್ಲಿ ಕಾಗದ ಮಾಡುವಾಗ ಯಂತ್ರ ಓಡುವ ದಿಕ್ಕಿಗೆ ಹೆಚ್ಚಿನ ನಾರುಗಳು ಮಲಗುತ್ತವೆ. ಅದನ್ನೇ ಹಾಸು ಅಂತ ಇಟ್ಟುಕೊಳ್ಳೋಣ ಅಂದೆ. ನಾರು ಒದ್ದೆಯಾದರೆ ದಪ್ಪವಾಗುತ್ತದೆ, ಉದ್ದವಾಗುವುದು ಬಹಳ ಕಡಿಮೆ. ಹಾಗಾಗಿ ಕಾಗದ ಹಿಗ್ಗುವುದು ಹಾಸಿನ ಅಡ್ಡಕ್ಕೆ. ಒಣಗಿದಾಗ ಕುಗ್ಗುವುದೂ ಅಡ್ಡಕ್ಕೇ. ಒಂದು ತುಂಡು ಕಾಗದದ ಒಂದೇ ಬದಿಗೆ ನೀರು ಸವರಿದರೆ ಅದು ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಯಾವ ದಿಕ್ಕಿಗೆ ಉದ್ದವಿದೆಯೋ ಅದೇ ಹಾಸಿನ ದಿಕ್ಕು. ರಟ್ಟಿಗೂ ಇದೇ ನಿಯಮ, ಎರಡೂ ಕಡೆಗೆ ಬಗ್ಗಿಸಿ ನೋಡಿದರೆ ಸಲೀಸಾಗಿ ಬಗ್ಗುವ ಕಡೆ ಗೊತ್ತಾಗುತ್ತದೆ, ಆಗ ಬಾಗುವ ಗೆರೆಯ ಉದ್ದಕ್ಕೇ ಹಾಸು. ರಟ್ಟು, ಮೇಲಿನ ಕಾಗದ, ಒಳಗಿನ ಕಾಗದ, ಮೂರರ ಹಾಸೂ ಪುಸ್ತಕದ ಬೆನ್ನಿನ ಉದ್ದಕ್ಕೇ ಬರಬೇಕು. ನಾವು ಸಿಕ್ಕ ಹಾಗೆ ಕತ್ತರಿಸಿದ್ದೆವು. ಮೇಲಾಗಿ ರಟ್ಟಿನ ಒಂದೇ ಬದಿಗೆ ಕಾಗದ ಅಂಟಿಸಿದ್ದೆವು. ಒಣಗುವಾಗ ಅದು ತನ್ನ ಕಡೆಗೆ ಎಳೆಯುತ್ತದೆ. ಒಳಬದಿಗೂ ಕಾಗದ ಅಂಟಿಸಿದರೆ ಎರಡೂ ಎಳೆತ ಸಮ. ಆರು ರಟ್ಟನ್ನೂ ಕಿತ್ತು ಮತ್ತೆ ಮಾಡಿದೆವು. ಈ ಸಲ ನೆಟ್ಟಗೆ ನಿಂತವು.

ದಪ್ಪ ಪುಸ್ತಕದ ಹೊಲಿಗೆ ಬೇರೆ. ಅದು ಹದಿನಾರು ಪುಟದ ಎಷ್ಟೋ ಮಡಿಕೆಗಳ ಕಟ್ಟು. ಒಂದೊಂದು ಮಡಿಕೆ ಹೊಲಿಯುತ್ತಾ, ತುದಿಗೆ ಬಂದಾಗ ಹಿಂದಿನ ಮಡಿಕೆಯ ಹೊಲಿಗೆಗೆ ದಾರ ಸಿಕ್ಕಿಸಿ ಮೇಲಕ್ಕೆ ಹೋಗಬೇಕು. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಲಿಕ್ಕೆ ನೋಡಿದೆ, ತಲೆಗೆ ಹತ್ತಲಿಲ್ಲ. ಕೊನೆಗೆ ಒಬ್ಬ ಹುಡುಗನ ಅಜ್ಜಿಯನ್ನು ಕರೆದೆವು. ಇಳಕಲ್ ಸೀರೆ ನೇಯ್ದ ಕೈ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅಜ್ಜಿ ಪುಸ್ತಕ ತಿರುಗಿಸಿ ನೋಡಿ, "ಇದೂ ಕೊಂಡಿನ ಅಲ್ಲೇನ್ರಿ ಸರ, ಒಂದರಾಗ ಒಂದು ಸಿಗಸೂದು" ಅಂದರು. ಕನ್ನಡಕ ಏರಿಸಿಕೊಂಡು ಮೂರು ಮಡಿಕೆ ಹೊಲಿದು ತೋರಿಸಿದರು. ಸುತ್ತ ಕೂತ ಮಕ್ಕಳಿಗೆ ಒಂದೇ ಸಲಕ್ಕೆ ತಿಳಿಯಿತು.

ಬೆನ್ನಿಗೆ ಗಟ್ಟಿ ಬಟ್ಟೆ ಬೇಕಿತ್ತು. ಗುಳೇದಗುಡ್ಡದಲ್ಲಿ ಕೂತು ಬಟ್ಟೆಗೆ ಹುಡುಕಾಡುವುದೆಂದರೆ ಹೊಳೆಯ ದಂಡೆಯಲ್ಲಿ ನೀರು ಕೇಳಿದಂತೆ. ಕುಬಸ (ರವಿಕೆ) ಹೊಲಿಯುವ ಟೇಲರ್ ಅಂಗಡಿಯಲ್ಲಿ ಖಣದ, ಅಂದರೆ ಕುಬಸಕ್ಕೆಂದೇ ನೇಯುವ ಬಟ್ಟೆಯ, ಚೂರುಗಳು ಗಂಟುಗಟ್ಟಲೆ ಇದ್ದವು. ಕೆಂಪು, ಹಸಿರು, ನೀಲಿ, ಅದರ ಮೇಲೆ ಸಣ್ಣ ಸಣ್ಣ ಬುಟ್ಟಾ. ಮೊದಲ ಚೂರಿಗೆ ನೇರ ಅಂಟು ಹಚ್ಚಿದೆವು. ಅಂಟು ಎಳೆಗಳ ನಡುವಿನಿಂದ ಹೊರಗೆ ಬಂದು ಬಟ್ಟೆಯ ಹೊಳಪು ಹೋಯಿತು. ಕೆಂಪು ಬಣ್ಣ ಬಿಟ್ಟು ಹಾಳೆಯ ಅಂಚಿಗೂ ಹತ್ತಿತು. ಆ ಪುಸ್ತಕದ ಅಂಚು ಇವತ್ತಿಗೂ ಗುಲಾಬಿಯಾಗಿದೆ.

ಮತ್ತೆ ಅಜ್ಜಿಯನ್ನೇ ಕೇಳಿದೆವು. "ಹಸೀ ಅಂಟ ನೇರ ಅರಬಿಗೆ ಹಚ್ಚಬ್ಯಾಡ್ರಿ, ನಡುವ ಏನರ ಇರ್ಲಿ" ಅಂದರು. ಹಾಗೇ ಮಾಡಿದೆವು. ಮೊದಲು ಒದ್ದೆ ಬಿಳೀ ಬಟ್ಟೆಯಿಂದ ಚೂರಿನ ಮೂಲೆ ತಿಕ್ಕಿ ಬಣ್ಣ ಬಿಡುತ್ತದೋ ಇಲ್ಲವೋ ನೋಡುವುದು. ಬಿಟ್ಟರೆ ಆ ಚೂರು ಬೇಡ. ಬಿಡದಿದ್ದರೆ ನೀರು ಚಿಮುಕಿಸಿ, ಕಲ್ಲಿನ ಪಾಲಿಶ್ ಬದಿಯ ಮೇಲೆ ಮುಖ ಕೆಳಗೆ ಮಾಡಿ ಹರವುವುದು. ಸೀರೆಯ ತೆಳು ಹಾಳೆಗೆ ಅಂಟು ಹಚ್ಚಿ ಬಟ್ಟೆಯ ಬೆನ್ನಿಗೆ ಕೂರಿಸುವುದು. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಗಾಳಿಗುಳ್ಳೆ ತೆಗೆಯುವುದು. ರಾತ್ರಿಯಿಡೀ ಒಣಗಿದ ಮೇಲೆ ಮೆಲ್ಲಗೆ ಎಬ್ಬಿಸಿದರೆ ಬಟ್ಟೆ ಕಾಗದದಷ್ಟು ಬಿರುಸಾಗಿ ಬರುತ್ತದೆ. ಕತ್ತರಿಸಿದರೆ ಎಳೆ ಬಿಡುವುದಿಲ್ಲ, ಅಂಟು ಹೊರಗೆ ಬರುವುದಿಲ್ಲ.

ಬಣ್ಣದ ಉಪಾಯ ಮಕ್ಕಳದೇ. ಕಥೆ ಪುಸ್ತಕಕ್ಕೆ ಕೆಂಪು ಖಣ, ವಿಜ್ಞಾನಕ್ಕೆ ಹಸಿರು, ಇತಿಹಾಸ ಮತ್ತು ಊರು ದೇಶದ ಪುಸ್ತಕಕ್ಕೆ ನೀಲಿ, ಪದ್ಯಕ್ಕೆ ಹಳದಿ. ಹರಿಯದ ಪುಸ್ತಕಗಳ ಬೆನ್ನಿಗೂ ಅದೇ ಬಣ್ಣದ ಒಂದು ಇಂಚಿನ ಚೂರು. ದೊಡ್ಡ ಗ್ರಂಥಾಲಯಗಳಲ್ಲಿ ಬಳಸುವ ಡ್ಯೂಯಿ ಪದ್ಧತಿ 1876ರದು, ಹತ್ತು ಭಾಗ ಮಾಡಿ ಅಂಕಿ ಕೊಡುತ್ತದೆ. ನಮ್ಮ 412 ಪುಸ್ತಕಕ್ಕೆ ನಾಲ್ಕು ಬಣ್ಣ ಸಾಕಾಯಿತು. ಮೂರನೇ ತರಗತಿಯ ಮಗು ಕೂಡ ಪುಸ್ತಕವನ್ನು ಸರಿಯಾದ ಜಾಗಕ್ಕೆ ತಿರುಗಿ ಇಡುತ್ತದೆ.

ಒಂದು ಪುಸ್ತಕದ ಬಗ್ಗೆ ಹೇಳಲೇಬೇಕು. ಜಾನಪದ ಕಥೆಗಳ ಸಂಗ್ರಹ, ಕೊನೆಯ ಎರಡು ಹಾಳೆ ಇರಲಿಲ್ಲ. ಏಳನೇ ತರಗತಿಯ ಹುಡುಗಿ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅದೇ ಪುಸ್ತಕ ಹುಡುಕಿದಳು. ಜೆರಾಕ್ಸ್ ಮಾಡಿಸೋಣ ಅಂದೆ. "ಬ್ಯಾಡ್ರಿ ಸರ, ನಾನ ಬರೀತೀನಿ" ಅಂದಳು. ಎರಡು ಮಧ್ಯಾಹ್ನ ಅಲ್ಲೇ ಕೂತು, ಅಚ್ಚಿನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ತನ್ನ ಸಾಲೂ ಮುಗಿಯುವಂತೆ, ನಾಲ್ಕು ಪುಟ ನಕಲು ಮಾಡಿದಳು. ಒಂದು ಕಡೆ ಒತ್ತಕ್ಷರ ತಪ್ಪಿ ತಿದ್ದಿದ್ದು ಕಾಣುತ್ತದೆ. ಅದನ್ನು ಹಾಗೇ ಬಿಟ್ಟು ಹೊಲಿದೆವು. ಈಗ ಎಲ್ಲರೂ ಕೇಳುವುದು ಅದೇ ಪುಸ್ತಕ. ವಹಿಯಲ್ಲಿ ಐದು ಸಲ ಹೋಗಿ ಬಂದಿದೆ.

ಜನವರಿಯಲ್ಲಿ ಬನದ ಹುಣ್ಣಿಮೆ, ಬನಶಂಕರಿ ಜಾತ್ರೆ. ಎರಡು ಶನಿವಾರ ಯಾರೂ ಸಿಗಲಿಲ್ಲ. ಜಾತ್ರೆ ಮುಗಿದ ಮೇಲೆ ಲೆಕ್ಕ ಹಾಕಿದೆವು. ಪಿನ್ನಿನವು 71, ಹಾಳೆ ಹರಿದವು 41, ಬೆನ್ನು ಹೋದವು 22, ಒಟ್ಟು 134 ಸರಿಯಾಗಿವೆ. ಹುಳ ತಿಂದ ಒಂಬತ್ತು ಬೇರೆ ಪೆಟ್ಟಿಗೆಯಲ್ಲಿವೆ, ಅವುಗಳಲ್ಲಿ ಓದಲು ಬರುವ ಕಥೆಗಳನ್ನು ಮಕ್ಕಳು ನಕಲು ಮಾಡುತ್ತಿದ್ದಾರೆ. ಖರ್ಚು ಮೈದಾ, ಸೂಜಿ, ಎರಡು ಬ್ರಷ್ಷು, ಮೇಣದಬತ್ತಿ ಇಷ್ಟೇ. ಉಳಿದದ್ದೆಲ್ಲ ಊರು ಕೊಟ್ಟದ್ದು.

ಡಿಸೆಂಬರ್ ಕೊನೆಯಿಂದ ಕಪಾಟಿಗೆ ಬೀಗ ಹಾಕಿಲ್ಲ. ಮಕ್ಕಳೇ ವಹಿಯಲ್ಲಿ ಬರೆದು ಮನೆಗೆ ಒಯ್ಯುತ್ತಾರೆ. ಹೋದ ವಾರ ನಾಲ್ಕನೇ ತರಗತಿಯ ಹುಡುಗ ಪುಸ್ತಕ ಹಿಡಿದುಕೊಂಡು ಓಡುತ್ತಾ ಬಂದ. ತಂಗಿ ಎಳೆದು ಒಂದು ಪುಟ ಅರ್ಧಕ್ಕೆ ಹರಿದಿತ್ತು. ಮುಚ್ಚಿಡಲಿಲ್ಲ, ಅಳಲಿಲ್ಲ. "ಸರ, ಅಂಟು ಐತೇನ್ರಿ ಇವತ್ತ?" ಅಂದ. ಬುಧವಾರ, ಅಂಟು ಇರಲಿಲ್ಲ. ಹರಿದ ಚೂರನ್ನು ಪುಟದೊಳಗೇ ಇಟ್ಟು, ಶನಿವಾರದ ಸರದಿಯಲ್ಲಿ ಅವನೇ ತನ್ನ ಹೆಸರು ಬರೆದು ಹೋದ.

ಇನ್ನು 20 ಪುಸ್ತಕ ಉಳಿದಿವೆ. ಅದರಲ್ಲೊಂದು ದೊಡ್ಡ ಅಟ್ಲಾಸ್, ನಕ್ಷೆಗಳೆಲ್ಲ ಮಡಿಕೆಯ ಮೇಲೇ ಬಿಟ್ಟಿವೆ. ಅದಕ್ಕೆ ಅಗಲವಾದ ನೀಲಿ ಖಣ ಬೇಕು. ಟೇಲರ್ ಒಂದು ತುಂಡು ಎತ್ತಿಟ್ಟಿದ್ದೇನೆ ಅಂದಿದ್ದಾರೆ, ಶುಕ್ರವಾರ ಸಂಜೆ ಹೋಗಿ ತರಬೇಕು.